ಗಾಜಿನ ಎಡತುದಿ

ಅಂಗಡಿಯ ಹಿಂದಿನ ಕೋಣೆಯಿಂದ,
೧೪ನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಆರೋಗ್ಯ. ಬೆನ್ನು ಹೇಗಿದೆ? ಹೆಬ್ಬೆರಳ ಬುಡದಲ್ಲಿ ಸೇರಿಕೊಂಡಿದ್ದ ಗಾಜಿನ ಚೂರು ಹೊರಗೆ ಬಂತೇ, ಇಲ್ಲ ಇನ್ನೂ ಒಳಗೇ ಸಾಕಿಕೊಂಡಿದ್ದೀಯಾ? ಹೊತ್ತಿಗೆ ಸರಿಯಾಗಿ ತಿನ್ನುತ್ತೀಯಾ? ಎತ್ತರದ ಕಟ್ಟಡಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಕೂರಿಸುತ್ತಿದ್ದೀಯ ಎಂದು ಗಾಜಿನ ಲಾರಿಯ ಡ್ರೈವರ್ ಹೇಳಿದಾಗ ಅಮ್ಮ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ನೀನು ಅವನ ಹತ್ತಿರ "ಚೆನ್ನಾಗಿದೀನಿ ಅಂತ ಹೇಳು" ಅಂದೆಯಂತೆ. "ಅಪ್ಪ ಹೇಗಿದಾರೆ ಅಂತ ಕೇಳಲಿಲ್ವಾ?" ಎಂದು ನಾನು ಕೇಳಿದೆ. ಅವನು ತಲೆ ಕೆರೆದುಕೊಂಡ.

ಈ ಕಾಗದ ನಿನಗೆ ತಲುಪುವುದೂ ಅವನ ಕೈಯಲ್ಲೇ. ನಿನ್ನ ಫೋನು ಬಾಯಿ ಮುಚ್ಚಿಕೊಂಡು ಎಷ್ಟೋ ದಿನವಾಯಿತು. ಸೋಮವಾರ ನಿಮ್ಮ ಗುಂಪು ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಟ್ಟಡಕ್ಕೆ ಹೋಗುತ್ತದಂತೆ, ಎಲ್ಲಿಗೆ ಎಂದು ಅವನಿಗೂ ಗೊತ್ತಿಲ್ಲವಂತೆ. ಹಾಗಾಗಿ ಇವತ್ತು ಬರೆದರೆ ಬರೆದಂತೆ. ಅವನು ಊಟ ಮುಗಿಸಿ ಲಾರಿಯ ನೆರಳಲ್ಲಿ ಮಲಗಿದ್ದಾನೆ, ಏಳುವಷ್ಟರಲ್ಲಿ ನಾನು ಮುಗಿಸಬೇಕು. ಒಂದು ಕಡೆ ಕೂತು ಇಷ್ಟುದ್ದ ಬರೆಯುವುದು ನನ್ನಿಂದಾಗುವ ಕೆಲಸವಾಗಿದ್ದರೆ ನಾನು ಶಾಲೆಯನ್ನೇ ಬಿಡುತ್ತಿರಲಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಬಂದೆ. ಒಮ್ಮೆ ನೀರು ಕುಡಿಯಲು, ಇನ್ನೊಮ್ಮೆ ಯಾಕೆಂದು ನನಗೂ ಗೊತ್ತಿಲ್ಲ. ನೀನಿಟ್ಟ ಹೆಸರು ಸುಮ್ಮನೆ ಅಲ್ಲ, ನಾನು ಈಗಲೂ ಬುಗುರಿಯೇ.

ಅಮ್ಮ ಒಂದು ಷರತ್ತು ಹಾಕಿದ್ದಾಳೆ. "ಬಾ ಅಂತ ಬರೀಬೇಡ. ಕರೆಸಿಕೊಂಡು ಬಂದೋನು ಕರೆದೋರ ಮೇಲೆ ಋಣ ಹೊರಿಸ್ತಾನೆ. ಕ್ಷೇಮ ಸಮಾಚಾರ ಬರಿ, ಸಾಕು" ಅಂದಳು. ಆಗಲಿ ಅಂದೆ. ಆದರೆ ಕ್ಷೇಮ ಇಲ್ಲದಿದ್ದರೆ ಕ್ಷೇಮ ಎಂದು ಬರೆಯುವುದಿಲ್ಲ ಎಂದೂ ಅಂದೆ. "ನಿನ್ನ ಬಾಯಿಗೆ ಬಾಗಿಲು ಇಡೋದನ್ನ ನಿಮ್ಮಪ್ಪ ಮರೆತರು" ಅಂತ ಗೊಣಗಿದಳು. ಆದ್ದರಿಂದ ಈ ಕಾಗದದಲ್ಲಿ "ಬಾ" ಎಂಬ ಮಾತು ಇರುವುದಿಲ್ಲ, ನೀನು ಹುಡುಕಬೇಡ. ಉಳಿದದ್ದೆಲ್ಲ ಇದ್ದದ್ದು ಇದ್ದಂತೆ ಇರುತ್ತದೆ.

ನೀನು ಅಪ್ಪನನ್ನು ನೋಡಲು ಆಸ್ಪತ್ರೆಗೆ ಬಂದದ್ದು, ಮಾತಿಲ್ಲದೆ ಹೋದದ್ದು ಎರಡೂ ನನ್ನ ಕಣ್ಣ ಮುಂದೆಯೇ ನಡೆದವು. ಅದಕ್ಕೂ ಮುಂಚಿನ ದಿನ ಏನಾಯಿತು ಎಂದು ನಿನಗೆ ಯಾರೂ ಹೇಳಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಕಟ್ಟಿಂಗ್ ಮೇಜಿನ ಮೇಲೆ ಒಂದು ಬೀರುವಿನ ಕನ್ನಡಿ ಇತ್ತು. ಅಪ್ಪ ಎಡಗೈಯಲ್ಲಿ ಅಳತೆ ಪಟ್ಟಿ ಒತ್ತಿಹಿಡಿದು ಬಲಗೈಯಲ್ಲಿ ಕಟರ್ ಎಳೆಯುತ್ತಿದ್ದರು. ಪಟ್ಟಿ ಜಾರಿತು, ಗೀರು ಓರೆಯಾಯಿತು. ಅಪ್ಪ ನನ್ನ ಮೇಲೆ ಹಾರಿಬಿದ್ದರು, "ಒಂದು ಪಟ್ಟಿ ಗಟ್ಟಿಯಾಗಿ ಹಿಡ್ಕೊಳ್ಳೋಕೂ ಬರಲ್ವಾ ನಿಂಗೆ?" ಎಂದು. ನಾನು ಕೋಣೆಯ ಇನ್ನೊಂದು ಮೂಲೆಯಲ್ಲಿ ಗಾಜು ಅಂಟಿಸುವ ಪುಟ್ಟಿ ಕಲಸುತ್ತಿದ್ದೆ. ಪಟ್ಟಿ ಹಿಡಿದಿದ್ದದ್ದು ಅವರದೇ ಕೈ. "ನಾನೆಲ್ಲಿ ಹಿಡಿದಿದೀನಿ, ನೀವೇ ಅಲ್ವಾ?" ಎಂದು ತಿರುಗಿ ನೋಡಿದೆ. ಅವರ ತುಟಿಯ ಒಂದು ಬದಿ ಕೆಳಗಿಳಿದಿತ್ತು, ಎಡಗೈ ಮೇಜಿನಿಂದ ಜಾರಿ ಒದ್ದೆ ಟವೆಲಿನಂತೆ ನೇತಾಡುತ್ತಿತ್ತು. ಅವರು ಮಾತ್ರ ಇನ್ನೂ ನನ್ನನ್ನು ಬೈಯುತ್ತಲೇ ಇದ್ದರು. ಆಂಬುಲೆನ್ಸಿನಲ್ಲೂ ಬೈಯುತ್ತಿದ್ದರು.

ಆಮೇಲೆ ಪದಗಳ ಸುರಿಮಳೆ. ನರರೋಗದ ಡಾಕ್ಟರು ಉದ್ದ ಹೆಜ್ಜೆ ಹಾಕಿ ನಡೆಯುವ ಮನುಷ್ಯ, ಹಿಂದೆ ಓಡಿಕೊಂಡೇ ಕೇಳಿಸಿಕೊಳ್ಳಬೇಕು. ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಇನ್ಫಾರ್ಕ್ಟ್ ಆಗಿದೆ, ಎಡಗಡೆ ಹೆಮಿಪ್ಲೀಜಿಯ ಇದೆ, ಮಾತಿನಲ್ಲಿ ಸ್ವಲ್ಪ ತೊದಲು ಇದೆ, ಅದು ಡಿಸಾರ್ಥ್ರಿಯ, ಅಫೇಸಿಯ ಅಲ್ಲ, ನಿಮ್ಮ ಅದೃಷ್ಟ. ನಮ್ಮ ಅದೃಷ್ಟ ಯಾವುದು ಎಂದು ತಿಳಿಯುವಷ್ಟರಲ್ಲಿ ಅವರು ಮುಂದಿನ ವಾರ್ಡಿನಲ್ಲಿದ್ದರು. ಅತ್ತೆ ಬಂದಿದ್ದರಲ್ಲ, ಅವರಿಗೆ ಇಷ್ಟೆಲ್ಲ ಬೇಡ. ತಲೆನೋವಾದರೂ "ನರ", ಕಾಲು ಉಳುಕಿದರೂ "ನರ", ಯಾರಾದರೂ ಜಗಳವಾಡಿದರೂ "ನರ". "ನಿಮ್ಮಪ್ಪಂಗೆ ನರ ಎಳೆದಿದೆ, ಎಣ್ಣೆ ಹಚ್ಚಿ ನೀವಿದ್ರೆ ಸರಿಹೋಗುತ್ತೆ" ಎಂದು ವಾರ್ಡಿನ ತುಂಬ ಹೇಳಿಕೊಂಡು ಬಂದರು. ಪಕ್ಕದ ಮಂಚದ ಮುದುಕರೊಬ್ಬರು ನನಗೂ ಸ್ವಲ್ಪ ನೀವಿಬಿಡಿ ಅಂದರು.

ನಾನು ಆ ಪದಗಳ ಬೆನ್ನು ಬಿಡಲಿಲ್ಲ. ಶಾಲೆಯಲ್ಲಿ ಒಂದು ಪದವೂ ತಲೆಗೆ ಹೋಗದವಳು ಇಲ್ಲಿ ನರ್ಸುಗಳ ಪ್ರಾಣ ತಿಂದೆ. ಹೆಮಿ ಅಂದರೆ ಅರ್ಧವಂತೆ, ಪ್ಲೀಜಿಯ ಅಂದರೆ ಹೊಡೆತ ಬಿದ್ದು ಸತ್ವ ಹೋಗುವುದಂತೆ. ನಮ್ಮವರು ಪಾರ್ಶ್ವವಾಯು ಅನ್ನುತ್ತಾರೆ, ಅದಕ್ಕೂ ಗಾಳಿಗೂ ಸಂಬಂಧವೇ ಇಲ್ಲ. ಇನ್ನೊಂದು ಪದ ಇದೆ, ಹೇಳಲು ನಾಲಿಗೆ ನಾಲ್ಕು ಸಲ ಮಗುಚಬೇಕು, ಅನೋಸಾಗ್ನೋಸಿಯ. ಕಾಯಿಲೆ ಇದೆ ಎಂಬುದೇ ಕಾಯಿಲೆಯವನಿಗೆ ಗೊತ್ತಾಗದಿರುವುದು. ಎಡಗೈ ಎತ್ತಿ ಅಂದರೆ ಅಪ್ಪ "ಎತ್ತಿದೀನಲ್ಲ" ಅನ್ನುತ್ತಿದ್ದರು. ಕೈ ಹಾಸಿಗೆಯ ಮೇಲೇ ಬಿದ್ದಿರುತ್ತಿತ್ತು. ಇದನ್ನು ನಾನು ಅಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಇದು ಹೊಸದೇನಲ್ಲ ಬಿಡು, ಮದುವೆಯಾದಾಗಿಂದ ಇದೆ" ಅಂದಳು. ಅಷ್ಟು ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಈಗ ನೀನು ಬಂದ ದಿನ. ಇದನ್ನು ನಿಧಾನವಾಗಿ ಬರೆಯಬೇಕು, ಕೈ ಮಾತ್ರ ನಿಲ್ಲುತ್ತಿಲ್ಲ. ನೀನು ವಾರ್ಡಿನ ಬಾಗಿಲಲ್ಲಿ ನಿಂತಾಗ ಅಮ್ಮ ಮಂಚದ ಬಲಬದಿಯ ಸ್ಟೂಲಿನಲ್ಲಿ ಕೂತಿದ್ದಳು, ಅವಳ ಹಿಂದೆ ಗೋಡೆ. ನಾನು ಅಪ್ಪನ ಕಾಲ ಬಳಿ. ನೀನು ಒಂದು ಕ್ಷಣವೂ ಯೋಚಿಸದೆ ಸುತ್ತಿ ಬಂದು ಎಡಗಡೆ ನಿಂತೆ. ನೀನು ಅಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತೀಯ? ಅಪ್ಪ ಬಲತುದಿ, ನೀನು ಎಡತುದಿ. ಹದಿನಾರರ ವಯಸ್ಸಿನಿಂದ ಅವರ ಜೊತೆ ಗಾಜು ಹೊತ್ತು ಹೊತ್ತು ನಿನ್ನ ಕಾಲುಗಳಿಗೇ ಅದು ಅಭ್ಯಾಸವಾಗಿತ್ತು. ಗಾಜು ಹೊತ್ತಾಗ ಒಬ್ಬರ ಮುಖ ಒಬ್ಬರು ನೋಡಬಾರದು, ಅಂಚನ್ನೇ ನೋಡಬೇಕು ಎಂದು ಕಲಿಸಿದವರು ಅವರೇ. "ಎಡ ಎತ್ತು", "ಎಡ ಇಳಿಸು", "ಎಡ ನಿಲ್ಲು". ನಿನ್ನ ಹೆಸರಿಗಿಂತ ಅದನ್ನೇ ಅವರು ಹೆಚ್ಚು ಕರೆದದ್ದು. ನೀನು ಅವರ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು "ಅಪ್ಪಾ" ಅಂದೆ. ಅಪ್ಪ ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿ ಗೋಡೆ ನೋಡಿದರು. ನೀನು ಇನ್ನೊಮ್ಮೆ ಕರೆದೆ. ಇನ್ನೂ ಆ ಕಡೆಗೇ ತಿರುಗಿದರು, ಕತ್ತಿನ ನರ ಉಬ್ಬಿತು. ನೀನು ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟೆ, ಗಾಜು ಇಡುವ ಹಾಗೆ. ಹೊರಟುಹೋದೆ.

ಯಾರಾದರೂ ಏನು ತಿಳಿಯುತ್ತಾರೆ? ಅಂಗಡಿ ಬಿಟ್ಟು ಕಂಪನಿ ಕೆಲಸಕ್ಕೆ ಹೋಗುತ್ತೇನೆ ಎಂದು ನೀನು ಹೇಳಿದ ದಿನ ಅವರು "ಹೋಗು, ಇನ್ನು ನಿನ್ನ ಮುಖ ನೋಡಲ್ಲ" ಎಂದದ್ದು ಓಣಿಗೆಲ್ಲ ಕೇಳಿಸಿತ್ತು. ನಮ್ಮಪ್ಪ ಮಾತು ಆಡಿದರೆ ಆಯಿತು. ಎದುರಿನ ಬಣ್ಣದ ಅಂಗಡಿಯವನ ಜೊತೆ ಒಂದು ಬಾಗಿಲಿನ ವಿಷಯಕ್ಕೆ ಮನಸ್ತಾಪವಾಗಿ, ವರ್ಷಗಟ್ಟಲೆ ಅವನ ಅಂಗಡಿ ಬಂದಾಗ ಆಕಾಶ ನೋಡಿಕೊಂಡು ನಡೆದು, ಒಮ್ಮೆ ಗುಂಡಿಗೆ ಬಿದ್ದು ಬಂದವರಲ್ಲವೇ? ಅಂಥವರು ಸಾಯುವ ಮಂಚದಲ್ಲೂ ಹಟ ಬಿಡಲಿಲ್ಲ ಎಂದು ನೀನು ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅತ್ತೆಯಂತೂ "ಅಬ್ಬಾ, ನಮ್ಮಣ್ಣನ ಛಲ!" ಎಂದು ಹೆಮ್ಮೆಪಟ್ಟರು.

ಮನೆಗೆ ಕರೆದುಕೊಂಡು ಬಂದ ಮೇಲೆ ಶುರುವಾಯಿತು ನೋಡು. ಅಪ್ಪ ಅಮ್ಮನ ಜೊತೆ ಮಾತು ಬಿಟ್ಟರು. ಊಟದ ಮೇಜಿನಲ್ಲಿ ಅವಳ ಕುರ್ಚಿ ಯಾವತ್ತೂ ಅವರ ಎಡಕ್ಕೆ. ಅಲ್ಲಿಂದ ಅವಳು "ಉಪ್ಪು ಸಾಕಾ?" ಅಂದರೆ ಉತ್ತರವಿಲ್ಲ. "ನೀರು ಕೊಡ್ಲಾ?" ಅಂದರೆ ಬಲಕ್ಕೆ ತಿರುಗಿ ಫ್ರಿಜ್ಜಿನ ಮುಖ ನೋಡುತ್ತಿದ್ದರು. ಮಾಡಿದ ಅಡುಗೆಯಲ್ಲಿ ಅರ್ಧ ಹಾಗೇ ಬಿಡುತ್ತಿದ್ದರು, ಅದೂ ಅವಳ ಕಡೆಯ ಅರ್ಧ. ಜೊತೆಗೆ "ಈ ಮನೇಲಿ ಹೊಟ್ಟೆ ತುಂಬ ಅನ್ನ ಹಾಕೋರಿಲ್ಲ" ಎಂಬ ಗೊಣಗಾಟ ಬೇರೆ. ಗಡ್ಡ ಮಾಡಿಕೊಂಡರೆ ಬಲಗೆನ್ನೆ ಮಾತ್ರ ನುಣ್ಣಗೆ. ಚಪ್ಪಲಿ ಒಂದೇ ಕಾಲಿಗೆ. ಅಮ್ಮ ಇದನ್ನೆಲ್ಲ ಸೇರಿಸಿ ಒಂದೇ ಲೆಕ್ಕಕ್ಕೆ ಬಂದಳು. "ಅವನನ್ನ ಆಸ್ಪತ್ರೆಗೆ ಕರೆಸಿದ್ದು ನಾನು ಅಂತ ಗೊತ್ತಾಗಿದೆ. ಮಗನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ತಿದಾರೆ" ಎಂದು ಅತ್ತಳು. ಒಂದು ದಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಚಿಕ್ಕಮ್ಮನ ಮನೆಗೆ ಹೊರಟೇಬಿಟ್ಟಳು. ಅಪ್ಪನ ಎಡಗಡೆಯಿಂದಲೇ ಹಾದು ಬಾಗಿಲಿಗೆ ಹೋದಳು. ಅವರು ತಲೆ ಎತ್ತಲಿಲ್ಲ. ಬಾಗಿಲ ಹತ್ತಿರ ಅವಳು ಚೀಲ ಎತ್ತಲಾಗದೆ ಅಲ್ಲೇ ಅದರ ಮೇಲೇ ಕೂತುಬಿಟ್ಟಳು, ಇಲ್ಲದಿದ್ದರೆ ಹೋಗಿಯೇಬಿಡುತ್ತಿದ್ದಳು.

ಅವತ್ತು ರಾತ್ರಿಯ ಊಟಕ್ಕೆ ನಾನು ಅವಳ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಕೈ ಸುಮ್ಮನಿರುವುದಿಲ್ಲ, ಗೊತ್ತಲ್ಲ. ಮನಸ್ಸು ಕೆಟ್ಟಿತ್ತು, ಪಕ್ಕದಲ್ಲಿದ್ದ ಅಪ್ಪನ ತಟ್ಟೆಯ ಅಂಚನ್ನು ಬೆರಳಲ್ಲಿ ತಳ್ಳುತ್ತಾ ಕೂತಿದ್ದೆ. ತಟ್ಟೆ ಸುತ್ತಿತು. ಬಿಟ್ಟಿದ್ದ ಅನ್ನ, ಅರ್ಧ ಮೊಟ್ಟೆ ಎಲ್ಲ ಬಲಕ್ಕೆ ಬಂದವು. ಅಪ್ಪನ ಮುಖ ಅರಳಿತು. "ಈಗ ಬಡಿಸಿದಳು ನೋಡು, ಇಷ್ಟು ಹೊತ್ತು ಏನು ಮಾಡ್ತಿದ್ದಳೋ" ಎಂದು ಗಬಗಬ ತಿಂದರು. ನಾನು ಇನ್ನೊಮ್ಮೆ ಸುತ್ತಿದೆ. ಮತ್ತೆ ತಿಂದರು. ಬಾಗಿಲ ಹತ್ತಿರ ಹೋಗಿ ಅಮ್ಮನನ್ನು ಎಳೆದುಕೊಂಡು ಬಂದು ಅಪ್ಪನ ಬಲಕ್ಕೆ, ಫ್ರಿಜ್ಜಿನ ಮುಂದೆ ನಿಲ್ಲಿಸಿದೆ. ಅಪ್ಪ ಅವಳನ್ನು ನೋಡಿ, "ಎಲ್ಲಿ ಹೋಗಿದ್ದೆ ಇಷ್ಟು ದಿನ? ಹೇಳಿ ಹೋಗೋ ಅಭ್ಯಾಸ ಇಲ್ವಾ?" ಅಂದರು.

ಅಣ್ಣಾ, ಅವಳು ಆ ಮನೆಯಲ್ಲೇ ಇದ್ದಳು. ದಿನಕ್ಕೆ ಹತ್ತು ಸಲ ಅವರ ಮೈ ಒರೆಸುತ್ತಿದ್ದಳು. ಅವರ ಪಾಲಿಗೆ ಊರಲ್ಲೇ ಇರಲಿಲ್ಲ.

ಮರುವಾರ ಇದನ್ನು ಫಿಸಿಯೋಥೆರಪಿಯವರಿಗೆ ಹೇಳಿದೆ. ಅವರನ್ನು ಅಪ್ಪ "ಡ್ರಿಲ್ ಮೇಡಂ" ಅನ್ನುತ್ತಾರೆ, ಅವರ ಮುಂದೆಯೇ ಅನ್ನುತ್ತಾರೆ, ಅವರು ನಗುತ್ತಾರೆ. ಮೇಡಂ ಏನೂ ಆಶ್ಚರ್ಯಪಡಲಿಲ್ಲ. ಆಸ್ಪತ್ರೆ ಬಿಡುವ ದಿನ ಡಾಕ್ಟರು ಹೇಳಿರಬೇಕಲ್ಲ ಅಂದರು. ಹೇಳಿರಬಹುದು, ಆ ಉದ್ದ ಹೆಜ್ಜೆಗಳ ನಡುವೆ ಯಾವುದೋ ಪದವಾಗಿ ಬಿದ್ದುಹೋಗಿರಬಹುದು. ಅವರು ಒಂದು ಬಿಳಿ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಅಪ್ಪನ ಕೈಗೆ ಪೆನ್ಸಿಲ್ ಕೊಟ್ಟರು, ನಡು ಎಲ್ಲಿದೆ ಗುರುತು ಹಾಕಿ ಎಂದು. ಅಪ್ಪನಿಗೆ ನಗು ಬಂತು. ಬರದೇ ಇರುತ್ತದೆಯೇ? ಟೇಪು ಮುಟ್ಟದೆ ಬರಿಗಣ್ಣಲ್ಲಿ ಕನ್ನಡಿಯ ನಡು ಹಿಡಿಯುವ ಮನುಷ್ಯ. ನೀನು ಆಮೇಲೆ ಕದ್ದು ಟೇಪು ಹಿಡಿದು ನೋಡಿ ಕೂದಲೆಳೆಯೂ ಆಚೀಚೆ ಇಲ್ಲ ಎಂದು ಬೈದುಕೊಳ್ಳುತ್ತಿದ್ದೆಯಲ್ಲ, ಅದೇ ಕೈ. ಠೀವಿಯಿಂದ ಗುರುತು ಹಾಕಿದರು. ಗೆರೆ ಮುಗಿಯುವ ಹತ್ತಿರ, ಬಲತುದಿಯಿಂದ ಎರಡು ಬೆರಳು ಈಚೆಗೆ. "ತಗೊಳ್ಳಿ" ಎಂದು ಪೆನ್ಸಿಲ್ ವಾಪಸು ಕೊಟ್ಟರು.

ಅಮ್ಮ ನನ್ನ ತೋಳು ಚಿವುಟಿದಳು, ಸುಮ್ಮನಿರು ಎಂದು. ನನಗೆ ಆಗಲಿಲ್ಲ. "ಅಪ್ಪಾ, ಅದು ನಡು ಅಲ್ಲ" ಅಂದೆ. "ಮೂವತ್ತು ವರ್ಷ ಗಾಜು ಕುಯ್ದೋನಿಗೆ ಶಾಲೆ ಬಿಟ್ಟೋಳು ನಡು ತೋರಿಸ್ತೀಯಾ?" ಅಂದರು. ನಾನು ಜೇಬಿನಿಂದ ಟೇಪು ತೆಗೆದು ಗೆರೆಯ ಮೇಲಿಟ್ಟೆ. ಅವರು ಟೇಪಿನ ಬಲತುದಿ ನೋಡಿದರು, ತಮ್ಮ ಗುರುತು ನೋಡಿದರು. "ನಿನ್ನ ಟೇಪು ಹರಿದಿದೆ" ಅಂದರು. ಸುಳ್ಳು ಹೇಳುತ್ತಿರಲಿಲ್ಲ ಅಣ್ಣಾ. ಅವರಿಗೆ ಟೇಪಿನ ಬಲಗಡೆಯಷ್ಟೇ ಕಾಣಿಸುತ್ತಿತ್ತು. ಕಣ್ಣು ಸರಿಯಾಗಿದೆ. ಮೇಡಂ ಹೇಳಿದ ಮಾತು ನನಗೆ ಚೆನ್ನಾಗಿ ಹತ್ತಿತು, ನಮ್ಮ ಕಸುಬಿನವರಿಗೆ ಹೇಳಿದ ಹಾಗಿತ್ತು. "ಕಿಟಕಿ ಗಾಜಿಗೇನೂ ಆಗಿಲ್ಲಮ್ಮ. ಮನೆಯೊಳಗಿರೋರು ಆ ಕಿಟಕಿ ಇದೆ ಅನ್ನೋದನ್ನೇ ಮರೆತಿದಾರೆ."

ಅದಕ್ಕೆ ಅವರ ಪುಸ್ತಕದಲ್ಲಿ ನೆಗ್ಲೆಕ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಏಕಪಾರ್ಶ್ವ ನಿರ್ಲಕ್ಷ್ಯ ಎಂದು ಬರೆಯುತ್ತಾರಂತೆ. ನನಗೆ ಸಿಟ್ಟು ಬಂತು. ನಿರ್ಲಕ್ಷ್ಯ ಅಂದರೆ ಏನು ಎಂದು ನನಗೆ ಹೇಳಿಕೊಡಬೇಕಾಗಿಲ್ಲ, ಮೇಷ್ಟ್ರು ಪ್ರತಿ ವರ್ಷ ನನ್ನ ಅಂಕಪಟ್ಟಿಯ ಕೆಳಗೆ ಅದನ್ನೇ ಬರೆಯುತ್ತಿದ್ದರು. ಎದುರಿಗೆ ಪಾಠ ಇದೆ ಎಂದು ಗೊತ್ತಿದ್ದೂ ನಾನು ಕಿಟಕಿಯಾಚೆ ನೋಡುತ್ತಿದ್ದೆ, ಅದು ನಿರ್ಲಕ್ಷ್ಯ. ಇವರಿಗೆ ಅಲ್ಲೊಂದು ಬದಿ ಇದೆ ಎಂದೇ ಗೊತ್ತಿಲ್ಲ. ಇಲ್ಲದ್ದನ್ನು ಯಾರು ಹೇಗೆ ನಿರ್ಲಕ್ಷಿಸುತ್ತಾರೆ? "ಈ ಹೆಸರು ಸರಿಯಿಲ್ಲ, ಬೇರೆ ಇಡಿ" ಅಂದೆ. ಮೇಡಂ, "ನೀನು ಓದಿ ಡಾಕ್ಟರಾಗು, ಆಮೇಲೆ ಬದಲಾಯಿಸು" ಅಂದರು. ಅಪ್ಪ ನಡುವೆ ಬಾಯಿ ಹಾಕಿ "ಅವಳಾ? ಕೂತ್ಕೋಬೇಕಲ್ಲ ಮೊದಲು" ಅಂದರು. ನಾನು ಆಗಲೂ ನಿಂತೇ ಇದ್ದೆ.

ಬೇರೆ ಎಲ್ಲ ಮರೆತರೂ ಇನ್ನು ಬರೆಯುವುದನ್ನು ಎರಡು ಸಲ ಓದು. ನಾನು ಮೇಡಂಗೆ ಆಸ್ಪತ್ರೆಯ ಆ ಮಧ್ಯಾಹ್ನದ ಕಥೆ ಹೇಳಿದೆ. ಎಡಗಡೆ ನಿಂತು ಕರೆದರೆ ಬಲಕ್ಕೆ ಮುಖ ತಿರುಗಿಸಿದರು, ಎರಡನೆಯ ಸಲ ಇನ್ನೂ ತಿರುಗಿಸಿದರು, ಅದೂ ಹಟ ಅಲ್ಲವೇ ಎಂದು ಕೇಳಿದೆ. ಇಂಥವರಲ್ಲಿ ಹಾಗಾಗುತ್ತದಂತೆ. ದನಿ ಕೇಳಿಸುತ್ತದೆ, ಆದರೆ ಎಡಗಡೆ ಎಂಬುದೇ ಅವರ ಪಾಲಿಗೆ ಇಲ್ಲದಿರುವಾಗ ಅದು ಅಲ್ಲಿಂದ ಬರುವುದಾದರೂ ಹೇಗೆ? ಬಲಗಡೆಯಿಂದಲೇ ಬಂತು ಎಂದುಕೊಂಡು ಅತ್ತ ತಿರುಗಿ ಹುಡುಕುತ್ತಾರಂತೆ. ಕೂಗಿದವರು ಕಾಣದಿದ್ದರೆ ಇನ್ನೂ ಅತ್ತಲೇ ತಿರುಗುತ್ತಾರಂತೆ. ನೀನು ಹಿಡಿದುಕೊಂಡ ಕೈ ಆಗ ಅವರದಾಗಿರಲೇ ಇಲ್ಲ. ಅಪ್ಪ ನಿನ್ನಿಂದ ಮುಖ ತಿರುಗಿಸಲಿಲ್ಲ. ನೀನು ಕರೆದದ್ದು ಕೇಳಿ, ನಿನ್ನನ್ನು ಆ ಗೋಡೆಯಲ್ಲಿ ಹುಡುಕಿದರು.

ಆದರೆ ನಾನು ಇದಕ್ಕೆ ಸಕ್ಕರೆ ಬೆರೆಸುವುದಿಲ್ಲ. ನಿನ್ನನ್ನು ಕಂಡಿದ್ದರೆ ಅಪ್ಪಿಕೊಳ್ಳುತ್ತಿದ್ದರು ಎಂದು ನಾನು ಹೇಳಲಾರೆ. ಕಂಡಮೇಲೂ ಬೇಕೆಂದೇ ಗೋಡೆ ನೋಡುತ್ತಿದ್ದರೇನೋ. ಬೈಯುತ್ತಿದ್ದರಂತೂ ಖಂಡಿತ. ನಿನ್ನ ಸುದ್ದಿ ಎತ್ತಿದರೆ ಈಗಲೂ "ಯಾರ ಸುದ್ದಿ ಅದು?" ಅನ್ನುತ್ತಾರೆ, ಅದು ನರದ ಕಾಯಿಲೆ ಅಲ್ಲ ಎಂದು ನನಗೂ ಗೊತ್ತು. ಅಂದು ನೀನು ಕಂಡದ್ದು ಮಾತ್ರ ಅದಲ್ಲ, ಅಷ್ಟನ್ನೇ ನಾನು ಹೇಳುತ್ತಿರುವುದು. ಅವರ ಹಟಕ್ಕೆ ಸಿಗಬೇಕಾದ ಶಿಕ್ಷೆ ಏನಿದ್ದರೂ ಸಿಗಲಿ, ಅವರ ಮೆದುಳಿನ ಗಾಯಕ್ಕೆ ಸಿಗಬಾರದು.

ಇಲ್ಲಿಯ ಉಳಿದ ಸಮಾಚಾರ. ಅಪ್ಪ ಕೋಲು ಹಿಡಿದು ಅಡುಗೆಮನೆಯಿಂದ ಅಂಗಡಿಯವರೆಗೆ ಬರುತ್ತಾರೆ, ಎಡಗಡೆಯ ಬಾಗಿಲ ಚೌಕಟ್ಟಿಗೆ ದಿನವೂ ಭುಜ ಗುದ್ದಿಕೊಂಡು "ಇದನ್ನ ಇಲ್ಲಿ ಯಾರು ತಂದಿಟ್ಟರು?" ಎಂದು ಕೇಳುತ್ತಾರೆ. ಎಡಗಾಲು ಒಂದಿಷ್ಟು ಎತ್ತುತ್ತಾರೆ, ಎಡಗೈ ಇನ್ನೂ ಬಿಗಿಯಾಗಿ ಮಡಿಚಿಕೊಂಡಿದೆ, ಅದು ಸ್ಪಾಸ್ಟಿಸಿಟಿ. ಮೇಡಂ ಈಗ ಅಮ್ಮನನ್ನು ಮತ್ತೆ ಎಡಗಡೆಗೇ ಕೂರಿಸಿದ್ದಾರೆ. ಬಲಗಡೆ ಕೂತರೆ ಸುಲಭ, ಆದರೆ ಎಡಕ್ಕೆ ತಿರುಗುವುದನ್ನು ಮೆದುಳು ಕಲಿಯುವುದೇ ಇಲ್ಲವಂತೆ. ಎಡಗಡೆ ಅವರಿಗೆ ಬೇಕಾದದ್ದು ಏನಾದರೂ ಇರಬೇಕು, ಬೇಕು ಅನ್ನಿಸಿ ತಿರುಗಬೇಕು. ಊಟದ ಮೇಜಿಗೂ ಅಂಗಡಿಯಲ್ಲಿ ಅವರ ಮುಂದಿನ ಮೇಜಿಗೂ ಎಡ ಅಂಚಿನಲ್ಲಿ ಕೆಂಪು ಟೇಪು ಅಂಟಿಸಿದ್ದಾರೆ, ಅಲ್ಲಿವರೆಗೆ ನೋಡಬೇಕು ಎಂದು. ಟಿವಿಯನ್ನು ಎಡಕ್ಕೆ ಇಟ್ಟೆವು, ಟಿವಿ ನೋಡುವುದನ್ನೇ ಬಿಟ್ಟರು. ತಿಂಡಿಯನ್ನು ಎಡಕ್ಕೆ ಇಟ್ಟೆವು, ಹಸಿವಿಲ್ಲ ಅಂದರು. ಅಮ್ಮ ಕರೆದರೆ ಅರ್ಧ ತಿರುಗುತ್ತಾರೆ. ನಾನು ಕರೆದರೆ ಅದೂ ಇಲ್ಲ. ಕೆಂಪು ಟೇಪಿನ ತನಕ ಅವರ ಕಣ್ಣು ಇದುವರೆಗೆ ಒಮ್ಮೆಯೂ ಹೋಗಿಲ್ಲ. ಬೇಗ ಕಲಿತರೆ ಒಳ್ಳೆಯದು, ತಡವಾದಷ್ಟೂ ಕಷ್ಟ ಎಂದು ಮೇಡಂ ನನಗೆ ಮಾತ್ರ ಹೇಳಿದ್ದಾರೆ. ನಾನು ಅಮ್ಮನಿಗೂ ಹೇಳಿಬಿಟ್ಟೆ.

ಅಂಗಡಿಯನ್ನು ನಾನು ನಡೆಸುತ್ತಿದ್ದೇನೆ, ಚಿಕ್ಕಪುಟ್ಟ ಗಾಜು, ಫೋಟೋ ಕಟ್ಟು, ಕನ್ನಡಿ. ದೊಡ್ಡ ಕೆಲಸ ಒಪ್ಪಿಕೊಳ್ಳುವ ಹಾಗಿಲ್ಲ, ಹಿಡಿಯಲು ಇನ್ನೊಬ್ಬರು ಬೇಕು. ನೀನು ಇದಕ್ಕೋಸ್ಕರ ಕೆಲಸ ಬಿಡಬೇಕು ಎಂದು ನನ್ನ ಮನಸ್ಸಿನಲ್ಲಿ ಇಲ್ಲ. ನೀನು ಹೋದದ್ದು ತಪ್ಪು ಎಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ನನಗೂ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸುತ್ತದೆ, ದಿನವೂ, ಒಲೆಯ ಮೇಲಿಟ್ಟ ನೀರು ಕುದಿಯುವಷ್ಟು ಹೊತ್ತು ಕಾಯುವುದೂ ನನಗೆ ಕಷ್ಟ. ಆದರೂ ಆ ಗೆರೆಯ ಕೊನೆಯಲ್ಲಿ ಅವರು ಹಾಕಿದ ಗುರುತು ಕಣ್ಣಿಗೆ ಬಂದಾಗ ಕಾಲುಗಳು ನಿಂತುಬಿಡುತ್ತವೆ.

ಲಾರಿಯ ಬಾಗಿಲ ಸದ್ದಾಯಿತು, ಅವನು ಎದ್ದ ಹಾಗಿದೆ. ಅಮ್ಮ ನಿನಗೆ ಉಣ್ಣೆಯ ಬನಿಯನ್ ಕೊಟ್ಟು ಕಳಿಸುತ್ತಿದ್ದಾಳೆ, ಹಗ್ಗ ಕಟ್ಟಿಕೊಳ್ಳುವ ಮೊದಲು ಗಂಟನ್ನು ನೀನೇ ನೋಡಿಕೋ, ಬೇರೆಯವರನ್ನು ನಂಬಬೇಡ ಎಂದು ಹೇಳಲು ಹೇಳಿದ್ದಾಳೆ. ಅವಳ ಆಶೀರ್ವಾದ ಅಂದರೆ ಅದೇ. ಅತ್ತೆ ನಿನ್ನ ನರಗಳನ್ನು ಕೇಳಿದ್ದಾರೆ. ಅಪ್ಪ ಏನೂ ಹೇಳಿಲ್ಲ, ಹೇಳಿದ್ದಾರೆ ಎಂದು ನಾನು ಬರೆಯುವುದಿಲ್ಲ.

ಎಲ್ಲಿದ್ದರೂ ಸುಖವಾಗಿರು.

ನಿನ್ನ ತಂಗಿ,
ಬುಗುರಿ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ, ನಿಂತುಕೊಂಡೇ, ಹೇಗಿದ್ದರೂ ಓದಿಕೋ. ಈಗಷ್ಟೇ ಡ್ರೈವರ್ ಕೊನೆಯ ಗಾಜನ್ನು ಒಳಗೆ ತಂದ. ಮೂಲೆ ಒಡೆದಿದೆಯೇ ಎಂದು ಅಪ್ಪ ಮೊದಲು ನೋಡಿ ಒಪ್ಪಬೇಕಲ್ಲ, ಹಳೆಯ ಅಭ್ಯಾಸದಂತೆ ಅವರ ಕುರ್ಚಿಯ ಮುಂದಿನ ಮೇಜಿನ ಮೇಲೆ ನೆಟ್ಟಗೆ ಹಿಡಿದ. ಅಪ್ಪ ಬಲಗೈ ಚಾಚಿ ಬಲತುದಿ ಹಿಡಿದುಕೊಂಡು "ಎಡ ಹಿಡಿ" ಅಂದರು. ಯಾರಿಗೆ ಅಂದರೋ. ನಾನು ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಓಡಿ ಎಡತುದಿ ಹಿಡಿದೆ, ಮಾತಾಡಲಿಲ್ಲ. ಡ್ರೈವರ್ ಕೈ ಬಿಟ್ಟ. "ಎಡ ಸ್ವಲ್ಪ ಇಳಿಸು" ಅಂದರು. ಇಳಿಸಿದೆ. "ನಿಲ್ಲು" ಅಂದರು. ಆಮೇಲೆ ಅವರ ಕಣ್ಣು ಗಾಜಿನ ಕೆಳಅಂಚು ಹಿಡಿದು ಹೊರಟಿತು. ನಡು ದಾಟಿತು. ಕೆಂಪು ಟೇಪು ದಾಟಿತು. ಕತ್ತು ಹೊರಳಿತು. ನನ್ನ ಬೆರಳುಗಳ ತನಕ ಬಂತು. ಅಲ್ಲಿ ನಿಲ್ಲಲಿಲ್ಲ ಅಣ್ಣಾ, ಗಾಜು ಹೊತ್ತಾಗ ಮುಖ ನೋಡಬಾರದು ಎಂದು ಕಲಿಸಿದವರು ಮುಖದ ತನಕ ಎತ್ತಿ ನೋಡಿದರು. ನೋಡಿ, "ನೀನಾ?" ಅಂದರು. ಅಷ್ಟೇ. ಮತ್ತೆ ಬಲಕ್ಕೆ ತಿರುಗಿಬಿಟ್ಟರು. ನನಗೆ ಸ್ವಲ್ಪ ನೋವಾಯಿತು, ಅದನ್ನೂ ಬರೆಯುತ್ತೇನೆ. ಸುಳ್ಳು ಅನ್ನಿಸಿದರೆ ಡ್ರೈವರನ್ನೇ ಕೇಳು, ಅವನು ಇಲ್ಲೇ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಾನೆ. ನಾನು ಅಮ್ಮನಿಗೆ ಕೊಟ್ಟ ಮಾತು ತಪ್ಪಿಲ್ಲ, ಆ ಪದ ಬರೆದಿಲ್ಲ. ಲಾರಿ ಶನಿವಾರ ಅಲ್ಲಿಂದ ಖಾಲಿ ವಾಪಸು ಬರುತ್ತದೆ. ಮುಂದೆ ಇಬ್ಬರು ಕೂರುವಷ್ಟು ಜಾಗ ಇದೆ.